ನವನಗರದ ಹಿತ್ತಲಿಗೆ ಎಂಥ ಗಿಡ್ಡ ಕೋಳಿ?

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿತ್ತಲು 14 ಅಡಿ ಉದ್ದ, 10 ಅಡಿ ಅಗಲ. ಅದರೊಳಗೇ ಒಂದು ನುಗ್ಗೆ ಗಿಡ, ಒಂದು ಕರಿಬೇವು, ನೀರಿನ ಟಾಕಿ ಮತ್ತು ಬಟ್ಟೆ ಒಗೆಯುವ ಕಲ್ಲು ಇವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೆಯ ಮನೆಯಲ್ಲಿದ್ದಾಗ ಅವ್ವ ಹತ್ತಿಪ್ಪತ್ತು ಜವಾರಿ ಕೋಳಿಗಳನ್ನು ಸಾಕಿದ್ದಳು. ಬೆಳಗ್ಗೆ ಬುಟ್ಟಿ ಎತ್ತಿದರೆ ಸಾಕು, ಅವು ಓಣಿಯನ್ನೆಲ್ಲ ಕೆದರಿ, ಕತ್ತಲಾಗುವ ಮುನ್ನ ತಾವಾಗಿಯೇ ಮರಳುತ್ತಿದ್ದವು. ಸೆಕ್ಟರಿನ ಲೆಕ್ಕದಲ್ಲಿ ಅಳೆದುಕೊಟ್ಟ ನಿವೇಶನದಲ್ಲಿ ಅಂಥ ತಿರುಗಾಟಕ್ಕೆ ಎಡೆಯಿಲ್ಲ. ಜಾಗವನ್ನು ದೊಡ್ಡದು ಮಾಡಲು ಬಾರದಿದ್ದ ಮೇಲೆ ಕೋಳಿಯನ್ನಾದರೂ ಸಣ್ಣದು ಮಾಡಿಕೊಳ್ಳೋಣವೆಂದು ನಾನು ಬ್ಯಾಂಟಮ್ ತಳಿಗಳ ಬೆನ್ನುಹತ್ತಿದೆ. ತಳಿ ಆರಿಸುವಾಗ ನೋಡಬೇಕಾದದ್ದು ಕೋಳಿಯ ಚೆಲುವನ್ನಲ್ಲ, ಅದು ನಿಲ್ಲುವ ನೆಲವನ್ನು ಎಂಬುದು ಎರಡು ಮಳೆಗಾಲ ಕಳೆಯುವವರೆಗೆ ನನಗೆ ತಿಳಿಯಲಿಲ್ಲ.

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಾಂತೆನ್ ಎಂಬ ಹಳೆಯ ಬಂದರಿದೆ. ಅಲ್ಲಿಂದ ಯುರೋಪಿನ ನಾವಿಕರು ಹಡಗಿಗೇರಿಸಿಕೊಂಡ ಸಣ್ಣ ಕೋಳಿಗಳಿಂದಾಗಿ ಈ ಹೆಸರು ಹುಟ್ಟಿತು. ಇಂದು ಬ್ಯಾಂಟಮ್ ಎಂಬ ಹೆಸರಿನಲ್ಲಿ ಎರಡು ಬಗೆಯವು ಸಿಗುತ್ತವೆ. ಸೆಬ್ರೈಟ್, ಜಪಾನಿನ ಚಾಬೋ, ಮಲೇಷ್ಯಾದ ಸೆರಾಮಾ ಮುಂತಾದವುಗಳಿಗೆ ದೊಡ್ಡ ರೂಪವೇ ಇಲ್ಲ, ಅವು ಮೂಲದಲ್ಲೇ ಗಿಡ್ಡ. ಉಳಿದವು ದೊಡ್ಡ ತಳಿಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಕುಗ್ಗಿಸಿದವು. ಸಾಮಾನ್ಯವಾಗಿ ಇವುಗಳ ತೂಕ ಅರ್ಧ ಕಿಲೋದಿಂದ ಒಂದು ಕಿಲೋ ಒಳಗೆ. ಮೊಟ್ಟೆಗಾಗಿಯೇ ಸಾಕುವ ಫಾರಂ ಕೋಳಿಗೆ ದಿನಕ್ಕೆ 100 ಗ್ರಾಂಗಿಂತ ಹೆಚ್ಚು ಆಹಾರ ಬೇಕಾದರೆ ಇವಕ್ಕೆ ಅದರ ಅರ್ಧ ಸಾಕು. ಮೊಟ್ಟೆಯೂ 30ರಿಂದ 40 ಗ್ರಾಂ ಮಾತ್ರ ತೂಗುತ್ತದೆ. ಎರಡು ಮೊಟ್ಟೆ ಒಡೆಯುವಲ್ಲಿ ಮೂರನ್ನು ಒಡೆಯಬೇಕು. ಮೊಟ್ಟೆಯ ಲಾಭಕ್ಕಾಗಿ ಬ್ಯಾಂಟಮ್ ಸಾಕಲು ಹೊರಟವರು ಇಲ್ಲಿಗೇ ನಿಲ್ಲುವುದು ಒಳ್ಳೆಯದು.

ನಾನು ಮೊದಲು ತಂದದ್ದು ಕೊಚಿನ್ ಬ್ಯಾಂಟಮ್ ಜೋಡಿ. ಬ್ರಿಟನ್ನಿನಲ್ಲಿ ಇದನ್ನು ಪೆಕಿನ್ ಎನ್ನುತ್ತಾರೆ. ಹೆಸರು ಕೇಳಿ ಕೇರಳದ್ದೆಂದು ಭಾವಿಸಿದ್ದೆ, ಮೂಲ ಚೀನಾ. ಉಣ್ಣೆಯ ಉಂಡೆಯಂತೆ ದುಂಡಗೆ, ಕಾಲ್ಬೆರಳಿನ ತುದಿಯವರೆಗೂ ಗರಿ, ಹಿಡಿದರೆ ಕೊಸರಾಡದ ಸಾಧು ಸ್ವಭಾವ. ಹಾರುವುದೂ ಇಲ್ಲ, ಎರಡಡಿ ಎತ್ತರದ ಜಾಳಿಗೆ ಸಾಕು ಎಂದು ಮಾರಿದವನು ಹೇಳಿದ್ದು ನಿಜವೇ ಆಗಿತ್ತು. ಅವ್ವ ಅವುಗಳನ್ನು ಐದು ನಿಮಿಷ ನೋಡಿ, “ಕೋಳಿ ನೆಲಾ ಕೆದರಬೇಕೋ ತಮ್ಮಾ, ಇವು ನೆಲಾ ಕಸಬರಗಿಯಂಗ ಬಳೀತಾವಲ್ಲ” ಎಂದಳು. ಅವಳ ಮಾತನ್ನು ಆಗ ನಾನು ತಮಾಷೆಯೆಂದುಕೊಂಡೆ.

ಗಿಡಗಳಿಗೆಂದು ಹಿತ್ತಲಿಗೆ ಎರೆಮಣ್ಣು ಹಾಕಿಸಿದ್ದವನು ನಾನೇ. ಎರೆಯ ಗುಣ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬಿಸಿಲಿಗೆ ಬಾಯಿಬಿಟ್ಟು ಒಡೆಯುತ್ತದೆ, ಮಳೆಗೆ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ಜೂನಿನ ಎರಡನೆಯ ಮಳೆ ಬಿದ್ದ ಮರುದಿನವೇ ಆ ಜೋಡಿಯ ಒಂದೊಂದು ಬೆರಳಿಗೂ ಲಿಂಬೆಹಣ್ಣಿನ ಗಾತ್ರದ ಮಣ್ಣಿನ ಉಂಡೆ ಕಟ್ಟಿಕೊಂಡಿತ್ತು. ಒಣಗಿದ ಉಂಡೆಯನ್ನು ಕಿತ್ತರೆ ಗರಿಯೂ ಕಿತ್ತು ರಕ್ತ ಬರುತ್ತಿದ್ದುದರಿಂದ, ವಾರಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಮಣ್ಣು ಕರಗಿಸಿ, ಬಟ್ಟೆಯಿಂದ ಒರೆಸಿ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಕಾಲಿನ ಹುರುಪೆಗಳ ಸಂದಿನಲ್ಲಿ ಸೇರಿಕೊಳ್ಳುವ ಸಣ್ಣ ನುಸಿ ಬರಿಗಾಲಿನ ಕೋಳಿಯಲ್ಲಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಗರಿಯ ಕೆಳಗೆ ಅದು ಹುರುಪೆಯನ್ನೆಲ್ಲ ಎಬ್ಬಿಸಿದ ಮೇಲೆಯೇ ನನಗೆ ಕಂಡದ್ದು. ನುಸಿಗೆ ಉಸಿರುಕಟ್ಟಿಸಲು ಪೆಟ್ರೋಲಿಯಂ ಜೆಲ್ಲಿ ಸವರಿದರೆ ಅದಕ್ಕೆ ಮತ್ತಷ್ಟು ಮಣ್ಣು ಮೆತ್ತಿಕೊಂಡಿತು.

ಮಳೆಗಾಲ ಹೀಗಾದರೆ ಬೇಸಿಗೆಯದು ಬೇರೆಯೇ ಕತೆ. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಗಾಳಿ ದೇಹಕ್ಕಿಂತ ಸಾಕಷ್ಟು ತಂಪಾಗಿರುವ ತನಕ ಜುಟ್ಟು, ಗದ್ದದ ಜೋಲು ಮತ್ತು ಗರಿಯಿಲ್ಲದ ಕಾಲುಗಳ ಮೂಲಕ ಶಾಖ ಹೊರಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾರಾ 40ರ ಸುತ್ತ ನಿಂತಾಗ ಆ ದಾರಿ ಮುಚ್ಚಿದಂತೆಯೇ. ಬಾಯಿ ತೆರೆದು ಏದುಸಿರು ಬಿಡುವುದೊಂದೇ ಉಳಿಯುತ್ತದೆ, ಅದಕ್ಕೆ ನೀರು ಬೇಕು, ನೆರಳು ಬೇಕು. ದೇಹ ಸಣ್ಣದಾದಷ್ಟೂ ತೂಕದ ಹೋಲಿಕೆಯಲ್ಲಿ ಮೈಯ ಹೊರಭಾಗ ಹೆಚ್ಚಿರುವುದರಿಂದ, ಲೆಕ್ಕದ ಪ್ರಕಾರ ಬ್ಯಾಂಟಮ್‌ಗಳು ಬಿಸಿಲನ್ನು ದೊಡ್ಡ ಕೋಳಿಗಳಿಗಿಂತ ಚೆನ್ನಾಗಿ ತಡೆಯಬೇಕು. ಆದರೆ ಕೊಚಿನ್‌ನಂತೆ ಮೈತುಂಬ ದಟ್ಟ ಗರಿ ಹೊದ್ದಿದ್ದಕ್ಕೆ ಆ ಅನುಕೂಲವೆಲ್ಲಿ? ತಾಡಪತ್ರಿಯ ಮೇಲೆ ಒದ್ದೆ ಗೋಣಿ ಹಾಸಿ, ಮಧ್ಯಾಹ್ನ ಎರಡು ಸಲ ನೀರು ಬದಲಿಸಿದರೂ ಹುಂಜ ಮೇ ತಿಂಗಳು ದಾಟಲಿಲ್ಲ. ಹೇಂಟೆಯನ್ನು ಗಟ್ಟಿ ನೆಲದ, ದೊಡ್ಡ ನೆರಳಿನ ಅಂಗಳವಿರುವ ಗೆಳೆಯನೊಬ್ಬನಿಗೆ ಕೊಟ್ಟೆ. ಅಲ್ಲಿ ಅದು ಸುಖವಾಗಿದೆ.

ಆಮೇಲೆ ಯಾವ ತಳಿಯ ಚಿತ್ರ ಕಂಡರೂ ನನ್ನ ಕಣ್ಣು ಮೊದಲು ಕಾಲಿನ ಮೇಲೆಯೇ ಬೀಳತೊಡಗಿತು. ಚಾಬೋ ಕೋಳಿಯ ಕಾಲು ಎಷ್ಟು ಗಿಡ್ಡವೆಂದರೆ ಹೊಟ್ಟೆ ನೆಲಕ್ಕೆ ತಾಗುವಂತಿರುತ್ತದೆ. ಕೆಸರಿನ ಹಿತ್ತಲಿಗೆ ಅದು ಸಲ್ಲದು. ಅಲ್ಲದೆ ಆ ಗಿಡ್ಡ ಕಾಲಿನ ಗುಣ ತಂದೆತಾಯಿ ಇಬ್ಬರಿಂದಲೂ ಬಂದ ಭ್ರೂಣ ಬದುಕುವುದಿಲ್ಲ, ಆದ್ದರಿಂದ ಗಿಡ್ಡ ಕಾಲಿನ ಜೋಡಿಯ ಮೊಟ್ಟೆಗಳಲ್ಲಿ ನಾಲ್ಕರಲ್ಲೊಂದು ಪಾಲು ಚಿಪ್ಪಿನೊಳಗೇ ಸಾಯುತ್ತವೆ. ತಲೆಯ ಮೇಲೆ ಗರಿಯ ಕೊಡೆ ಹೊತ್ತ ಪೋಲಿಷ್ ಕೋಳಿಗೆ ಮೇಲಿನಿಂದ ಎರಗುವ ಹದ್ದು ಕಾಣುವುದೇ ಇಲ್ಲ. ಸರ್ ಜಾನ್ ಸೆಬ್ರೈಟ್ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಸೆಬ್ರೈಟ್ ಮಾತ್ರ ಇಂದಿಗೂ ನನ್ನ ಆಸೆಯನ್ನು ಕೆರಳಿಸುತ್ತದೆ: ಒಂದೊಂದು ಗರಿಗೂ ಇಳಕಲ್ ಸೀರೆಯ ದಡಿಯಂತೆ ಕಪ್ಪು ಅಂಚು, ಹುಂಜಕ್ಕೂ ಹೇಂಟೆಯಂಥದೇ ಗರಿ. ಆದರೆ ಅದರ ಮೊಟ್ಟೆಗಳಲ್ಲಿ ಫಲಿಸುವವು ಕಡಿಮೆ, ಮರಿಗಳೂ ಸೂಕ್ಷ್ಮ. ಮೊದಲ ಸಲ ಸಾಕುವವರಿಗೆ ಹೇಳಿಸಿದ್ದಲ್ಲ. ಸೆರಾಮಾ ಅರ್ಧ ಕಿಲೋವನ್ನೂ ತೂಗದು. ನಮ್ಮ ಓಣಿಯ ಬೆಕ್ಕುಗಳೇ ಅದಕ್ಕಿಂತ ಏಳೆಂಟು ಪಟ್ಟು ಇವೆ.

ಸಿಲ್ಕಿ ಬಗ್ಗೆ ನನ್ನ ತೀರ್ಮಾನ ಎರಡು ಸಲ ಬದಲಾಗಿದೆ. ಕಪ್ಪು ಚರ್ಮ, ಐದು ಬೆರಳು, ಗರಿಯ ಬದಲು ರೇಷ್ಮೆಯಂಥ ತುಪ್ಪಳ. ಗರಿಯ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳದ ಕಾರಣ ಅದಕ್ಕೆ ಹಾರಲು ಬಾರದು, ಮಳೆಯ ನೀರೂ ಮೈಮೇಲಿಂದ ಜಾರದೆ ಚರ್ಮದವರೆಗೂ ಇಳಿಯುತ್ತದೆ. ಕಾಲಿಗೂ ತುಪ್ಪಳವಿದೆ. ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ಸಿಲ್ಕಿ ಹೇಂಟೆಯನ್ನು ಇಟ್ಟುಕೊಂಡಿರುವುದು ಅದರ ಕಾವಿಗಾಗಿ. ವರ್ಷದಲ್ಲಿ ಮೂರ್ನಾಲ್ಕು ಸಲ ಅದು ಕಾವಿಗೆ ಕೂರುತ್ತದೆ, ಯಾರ ಮೊಟ್ಟೆಯಿಟ್ಟರೂ ತನ್ನದೆಂದೇ ನಂಬುತ್ತದೆ. ಮೈ ಸಣ್ಣದಾದ್ದರಿಂದ ಜವಾರಿ ಮೊಟ್ಟೆಗಳನ್ನು ಐದಕ್ಕಿಂತ ಹೆಚ್ಚು ಇಡಬಾರದು, ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಇದಕ್ಕಾಗಿ ಟಾಕಿಯ ಪಕ್ಕದ ನಾಲ್ಕಡಿ ಜಾಗದ ಎರೆಯನ್ನು ತೆಗೆಸಿ ಗರಸು ತುಂಬಿಸಿದೆ, ಮೇಲೆ ತಗಡು ಹಾಕಿಸಿದೆ. ಒಂದು ಕೋಳಿಗಾಗಿ ನೆಲವನ್ನೇ ಬದಲಿಸಿದೆಯಾ ಎಂದು ಮನೆಯವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದ ಹಿತ್ತಲಿಗೆ ಒಗ್ಗಿದ್ದು ಬರಿಗಾಲಿನ, ಗರಿ ಮೈಗೆ ಒತ್ತಿಕೊಂಡಿರುವ ಗೇಮ್ ಬ್ಯಾಂಟಮ್. ಕೆಸರಿನಲ್ಲಿ ಓಡಾಡಿ ಬಂದರೂ ಒಮ್ಮೆ ಕಾಲು ಕೊಡವಿದರೆ ಮುಗಿಯಿತು. ಬಿಸಿಲಿಗೆ ಹೆದರುವುದಿಲ್ಲ. ದೋಷವೆಂದರೆ ಹಾರಾಟ: ಆರಡಿಯ ಕಂಪೌಂಡ್ ಅದಕ್ಕೆ ಕೂರುವ ಕಟ್ಟೆಯಷ್ಟೇ. ಒಂದು ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಸಮತೋಲ ತಪ್ಪಿ ಹಾರಲಾರದು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು. ಹುಂಜವನ್ನೂ ಸಾಕಿದ್ದೆ. ದನಿ ದೊಡ್ಡ ಹುಂಜದಷ್ಟು ಭಾರವಲ್ಲವಾದರೂ ಮೊನಚು ಹೆಚ್ಚು. ಪಕ್ಕದ ಮನೆಯ ಕಾಕಾ ಒಂದು ದಿನ ಗೋಡೆಯಾಚೆಯಿಂದ, “ತಮ್ಮಾ, ನಿನ್ನ ಹುಂಜ ನಸಕಿನ್ಯಾಗ ನಾಕಕ್ಕ ಎಬ್ಬಸ್ತೈತಿ. ನನಗ ಹೆಂಗೂ ನಿದ್ದಿ ಬರೂದಿಲ್ಲ, ಸೊಸಿ ಅಂತಾಳ” ಎಂದರು. ಕಾಕಾ ಅಷ್ಟಂದ ಮೇಲೆ ಇನ್ನೇನು ಉಳಿಯಿತು? ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ, ಮರಿಯಾಗದು ಅಷ್ಟೇ; ಕಾವಿಗೆ ಬೇಕಾದ ಮೊಟ್ಟೆಗಳನ್ನು ಈಗ ಹಳ್ಳಿಯಿಂದ ತರುತ್ತೇನೆ.

ಕಳೆದ ವರ್ಷ ಹೀಗೆ ತಂದ ಮೊಟ್ಟೆಗಳಲ್ಲಿ ಎರಡು ಮರಿಗಳು ಬೋಳು ಕುತ್ತಿಗೆಯವಾದವು. ನೋಡಲು ಚೆಂದವಲ್ಲ, ಬಂದವರೆಲ್ಲ ರೋಗ ಬಂದಿದೆಯೇ ಎಂದು ಕೇಳುತ್ತಾರೆ. ಆದರೆ ಕುತ್ತಿಗೆಯ ಗರಿಯನ್ನು ತೆಗೆಯುವ ಆ ಗುಣವೇ ಮೈಮೇಲಿನ ಗರಿಯನ್ನೂ ಗಣನೀಯವಾಗಿ ಕಡಿಮೆ ಮಾಡುವುದರಿಂದ, ಈ ಮೇ ತಿಂಗಳಲ್ಲಿ ಬೇರೆ ಕೋಳಿಗಳು ಬಾಯಿಬಿಟ್ಟು ನಿಂತಾಗ ಇವೆರಡು ನುಗ್ಗೆಯ ಬುಡದಲ್ಲಿ ಕೆದರುತ್ತಲೇ ಇದ್ದವು. ಇವು ಬ್ಯಾಂಟಮ್ ಅಲ್ಲ, ಒಂದೂಕಾಲು ಕಿಲೋ ತೂಗುವ ಜವಾರಿ. ಅವ್ವನಿಗೆ ಇವುಗಳ ಮೇಲೆಯೇ ಪ್ರೀತಿ.

ಕೊಳ್ಳುವವರಿಗೆ ಲಸಿಕೆಯ ಒಂದು ಮಾತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ನಾಲ್ಕೇ ಕೋಳಿಯ ಹಿತ್ತಲನ್ನೂ ಬಿಡುವುದಿಲ್ಲ. ಮರಿಗೆ ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟು ವಾರದ ಸುಮಾರಿಗೆ ಆರ್2ಬಿ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿಕೊಂಡೇ ತನ್ನಿ. ತಂದವುಗಳನ್ನು ಎರಡು ವಾರವಾದರೂ ಬೇರೆ ಇಡಿ. ಲಸಿಕೆಯ ಸೀಸೆ ನೂರು ಕೋಳಿಗಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ನಮ್ಮ ಸೆಕ್ಟರಿನಲ್ಲಿ ಕೋಳಿ ಇರುವ ಆರು ಮನೆಯವರು ಒಂದೇ ಬೆಳಗ್ಗೆ ನಮ್ಮ ಕಟ್ಟೆಗೆ ಬುಟ್ಟಿಗಳನ್ನು ತರುತ್ತಾರೆ. ಈ ಸಲದ ಸರದಿ ಬರುವ ಭಾನುವಾರ, ಏಳು ಗಂಟೆಗೆ.