ಒಂದೇ ಭಾಷಣ, ಐದು ಬರಹ

ಈ ಸಲ ಮಧ್ಯಯುಗದ ಪಾಠಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪುಸ್ತಕ ಬೇಡ ಅಂದುಕೊಂಡೆ. ಅಮೆರಿಕದ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಟರ್ನೆಟ್ ಹಿಸ್ಟರಿ ಸೋರ್ಸ್‌ಬುಕ್ಸ್ ಇದೆಯಲ್ಲ, 1996ರಲ್ಲಿ ಶುರುವಾದ, ಹಳೇ ಕಾಲದವರ ಮೂಲ ಬರಹಗಳ ಆನ್‌ಲೈನ್ ಸಂಗ್ರಹ, ಅದರಿಂದಲೇ ಓದಿಸುತ್ತಿದ್ದೇನೆ. ಪೂರ್ತಿ ಉಚಿತ.

1095ರಲ್ಲಿ ಪೋಪ್ ಎರಡನೇ ಅರ್ಬನ್ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಮಾಡಿದ ಭಾಷಣದಿಂದ ಮೊದಲ ಕ್ರುಸೇಡ್, ಅಂದರೆ ಜೆರುಸಲೇಮ್‌ವರೆಗೆ ಹೋದ ಕ್ರೈಸ್ತರ ಧರ್ಮಯುದ್ಧ, ಹೊರಟಿತು. ಅವರು ಆಡಿದ ಮಾತು ಇದ್ದದ್ದು ಇದ್ದ ಹಾಗೆ ಉಳಿದಿಲ್ಲ. ಬೇರೆ ಬೇರೆಯವರು ಆಮೇಲೆ ಬರೆದಿಟ್ಟ ಐದು ರೂಪಗಳು ಈ ಸಂಗ್ರಹದಲ್ಲಿ ಒಟ್ಟಿಗೆ ಸಿಗುತ್ತವೆ. ರಾಬರ್ಟ್ ಎಂಬ ಸನ್ಯಾಸಿಯ ಬರಹದಲ್ಲಿ ಜೆರುಸಲೇಮ್‌ನದೇ ದೊಡ್ಡ ಮಾತು. ಫುಲ್ಚರ್ ಎಂಬ ಪಾದ್ರಿ ಬರೆದದ್ದರಲ್ಲಿ ಅದರ ಹೆಸರೇ ಇಲ್ಲ! ಯಾಕೆ ಹೀಗೆ ಅಂತ ವಿದ್ಯಾರ್ಥಿಗಳು ತಾವಾಗಿಯೇ ಕೇಳುತ್ತಾರೆ. ಇತಿಹಾಸದ ಕ್ಲಾಸಿನಲ್ಲಿ ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಡುವ ಪ್ರಶ್ನೆ ಬೇರೆ ಇಲ್ಲ.

ಕಷ್ಟವೂ ಇದೆ. ಕಾಪಿರೈಟ್ ಮುಗಿದ ಅನುವಾದಗಳೇ ಹೆಚ್ಚು, ಅದೂ ಹಳೇ ಕಾಲದ ಇಂಗ್ಲಿಷ್. ಹಿನ್ನೆಲೆಯ ಟಿಪ್ಪಣಿಯನ್ನು ನಾವೇ ಬರೆದುಕೊಡಬೇಕು. ಕೊಡೋಣ ಬಿಡಿ. ಪುಸ್ತಕ ಕೊಳ್ಳಲಾಗದವರ ಕೈಯಲ್ಲೂ ಮೊದಲ ದಿನವೇ ಅದೇ ಪುಟ ಇರುತ್ತದೆ ಅಲ್ವಾ!

ಮುಂದಿನ ವಾರ 1348ರ ಪ್ಲೇಗ್ ಬಗ್ಗೆ ಆಗಿನವರೇ ಬರೆದದ್ದನ್ನು ಓದುತ್ತೇವೆ.