ಲಕ್ಷ್ಮಣಫಲ ಕ್ಯಾನ್ಸರ್ ವಾಸಿ ಮಾಡುತ್ತಾ?

ಜಯನಗರದ ಮಾರ್ಕೆಟ್‌ನಲ್ಲಿ ಲಕ್ಷ್ಮಣಫಲ ಕೈಗೆತ್ತಿಕೊಂಡರೆ ಸಾಕು, 'ಕ್ಯಾನ್ಸರ್‌ಗೆ ರಾಮಬಾಣ' ಅಂತ ಪಕ್ಕದಲ್ಲಿ ನಿಂತವರು ಹೇಳೇ ಹೇಳುತ್ತಾರೆ. ಸುಮ್ನೆ ಹುಟ್ಟಿದ ಮಾತಲ್ಲ ಅದು. ಮೈತುಂಬ ಮೆತ್ತನೆ ಮುಳ್ಳಿರುವ ಈ ಹಸಿರು ಹಣ್ಣಿನಲ್ಲಿ ಅನೋನಾಸಿನ್ ಅನ್ನೋ ರಾಸಾಯನಿಕ ಇದೆ. ಅದು ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಶಕ್ತಿ ಸಿಗದೆ ಸಾಯುತ್ತವೆ. ಆದರೆ ತಟ್ಟೆಗೆ ಲಿವರ್, ಮೆದುಳು ಇರಲ್ಲ ಅಲ್ವಾ? ನನಗೆ ಭಯ ಆಗುವುದು ಇಲ್ಲೇ. ನಮ್ಮ ನರಕೋಶಗಳಿಗೂ ಅದೇ ಶಕ್ತಿ ಬೇಕು. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ (ಕೈಕಾಲು ನಡುಗಿ, ಚಲನೆ ನಿಧಾನವಾಗುವ ನರರೋಗ) ಥರದ ಕಾಯಿಲೆ ಕಂಡು, ಇದಕ್ಕೂ ಅದಕ್ಕೂ ನಂಟಿರಬಹುದು ಅಂತ 1999ರಲ್ಲೇ ಸಂಶೋಧಕರು ಎಚ್ಚರಿಸಿದ್ದರು. ರುಚಿಗೆ ಅಪರೂಪಕ್ಕೆ ತಿನ್ನಿ. ಕೀಮೋ ನಡೆಯುತ್ತಿದ್ದರೆ ಮಾತ್ರ, ಕಷಾಯ ಶುರು ಮಾಡುವ ಮೊದಲು ದಯವಿಟ್ಟು ನಿಮ್ಮ ಡಾಕ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಹೇಳಿ.