ನಾಲ್ಕನೆಯದು ಎಲ್ಲಿ?

ರೂಟ್ ಕೆನಾಲ್ ಮಾಡಿಸಿ ವರ್ಷವಾದರೂ ಕಚ್ಚಿದರೆ ನೋವು ಅಂತ ಯಾರಾದರೂ ಬಂದರೆ, ನನ್ನ ಮೊದಲ ಅನುಮಾನ ಒಂದೇ. ಯಾವುದೋ ಕೆನಾಲ್, ಅಂದರೆ ಬೇರಿನೊಳಗೆ ನರ ಹಾದುಹೋಗುವ ಸಣ್ಣ ಕೊಳವೆ, ಶುಚಿ ಮಾಡದೆ ಬಿಟ್ಟುಹೋಗಿದೆ. ಮೇಲಿನ ಮೊದಲ ದವಡೆ ಹಲ್ಲಾದರಂತೂ ಇದು ಇನ್ನೂ ಜಾಸ್ತಿ. ಅದಕ್ಕೆ ಸಾಮಾನ್ಯವಾಗಿ ಮೂರು ಬೇರು, ಹಾಗಾಗಿ ಕೆನಾಲೂ ಮೂರೇ ಅಂದುಕೊಳ್ತೀವಿ. ಆದರೆ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಬಹಳ ಸಲ ಎರಡಿರುತ್ತವೆ. ಆ ಎರಡನೆಯದೇ, ಅಂದರೆ ಹಲ್ಲಿನ ನಾಲ್ಕನೆಯದೇ, ನಾವು ದಂತವೈದ್ಯರು ಎಂಬಿ 2 ಅನ್ನುವುದು.

ಮೊನ್ನೆ ಇಂಥದ್ದೇ ಒಂದು ಹಲ್ಲು ತೆರೆದೆ. ಹಳೆಯ ಮೂರೂ ಕೆನಾಲ್ ಚೆನ್ನಾಗಿಯೇ ತುಂಬಿದ್ದವು. ಮೈಕ್ರೋಸ್ಕೋಪಿನಲ್ಲಿ ಮತ್ತೊಂದು ತೂತು ಕಾಣಲಿಲ್ಲ, ಮುಂದಿನ ಕೆನಾಲಿನ ಬಾಯಿಯಿಂದ ಅಂಗುಳಿನ ಕಡೆಗೆ ಹೋಗುವ ಒಂದು ಸಣ್ಣ ಗೆರೆ ಮಾತ್ರ, ಅದೂ ಅರ್ಧಕ್ಕೇ ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಪದರ) ಅಡಿಗೆ ನುಗ್ಗಿ ಮರೆಯಾಗಿತ್ತು. ಸಣ್ಣಗೆ ಕಂಪಿಸುವ ಅಲ್ಟ್ರಾಸಾನಿಕ್ ತುದಿಯಿಂದ ಸ್ವಲ್ಪ ಕೆರೆಯುವುದು, ತೊಳೆಯುವುದು, ಒಣಗಿಸಿ ನೋಡುವುದು, ಮತ್ತೆ ಕೆರೆಯುವುದು. ಅವಸರ ಮಾಡಿದರೆ ಹಲ್ಲಿನೊಳಗಿನ ಕೋಣೆಯ ತಳವೇ ತೂತಾಗುತ್ತೆ. ಕೊನೆಗೆ ಕೆನಾಲ್ ಉಜ್ಜುವ ಸೂಜಿಯಂಥ ಸಲಕರಣೆ, 8ನೇ ನಂಬರಿನ ಫೈಲ್, ಅಂದರೆ ತುದಿ ಬರೀ 0.08 ಮಿ.ಮೀ., ಒಂದು ಕಡೆ ಕಚ್ಚಿಕೊಂಡಿತು. ಆ ಹಿಡಿತ ಬೆರಳಿಗೆ ಗೊತ್ತಾಗುವ ಕ್ಷಣ ಇದೆಯಲ್ಲ, ಅದಕ್ಕೇ ನನಗೆ ಈ ಕೆಲಸ ಇಷ್ಟ.

ಹುಡುಕುವಾಗ ನಾನು ನಂಬುವುದು ತಳದ ಬಣ್ಣವನ್ನು. ಗೋಡೆಗಿಂತ ತಳ ಯಾವಾಗಲೂ ಕಪ್ಪಗಿರುತ್ತೆ, ಕೆನಾಲಿನ ಬಾಯಿಗಳು ಗೋಡೆಯೂ ತಳವೂ ಸೇರುವ ಅಂಚಿನಲ್ಲೇ ಇರುತ್ತವೆ. ಕ್ರಾಸ್ನರ್ ಮತ್ತು ರಾಂಕೋ ಎಂಬ ದಂತವೈದ್ಯರು 500 ಹಲ್ಲುಗಳನ್ನು ನೋಡಿ 2004ರಲ್ಲಿ ಬರೆದ ಈ ನಿಯಮಗಳು ನನಗೆ ದಿನಾ ಉಪಯೋಗಕ್ಕೆ ಬರುತ್ತವೆ. ವರ್ಟುಚಿ ಎಂಬ ಇನ್ನೊಬ್ಬ ದಂತವೈದ್ಯರು 1984ರಲ್ಲಿ ಕೆನಾಲ್‌ಗಳನ್ನು 8 ಬಗೆ ಮಾಡಿದರು, ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ. ಬಾಯಿಯೊಳಗಿನ ಹಲ್ಲು ಆ ಎಂಟರಲ್ಲೇ ಒಂದಾಗಿರಬೇಕು ಅಂತೇನೂ ಇಲ್ಲ.

ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಕೆನಾಲ್‌ಗಳು ಬೇರೆ ಬೇರೆ ಇರದೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಒಂದೇ ಸೀಳಾಗಿ ಬಾಗಿರಬಹುದು. ಆ ಸೀಳಿನ ಸಂದುಗಳಿಗೆ ಫೈಲ್ ಮುಟ್ಟುವುದಿಲ್ಲ, ಅಲ್ಲಿ ತೊಳೆಯುವ ದ್ರಾವಣವೇ ಕೆಲಸ ಮಾಡಬೇಕು. ಕೆಳಗಿನ ಮುಂದಿನ ಪುಟ್ಟ ಹಲ್ಲಿನಲ್ಲೂ ಎಷ್ಟೋ ಸಲ ಎರಡು ಕೆನಾಲ್ ಇರುತ್ತವೆ, ನಾಲಿಗೆ ಕಡೆಯದೇ ತಪ್ಪಿಹೋಗುವುದು.

ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಒಂದು ಕೆನಾಲಿನ ಹಿಂದೆ ಇನ್ನೊಂದು ಅಡಗಿಕೊಳ್ಳುತ್ತೆ. ಅದಕ್ಕೇ ಸ್ವಲ್ಪ ಓರೆಯಾಗಿ ಇನ್ನೊಂದು ತೆಗೆಯುತ್ತೀನಿ. ಮೇಲಿನಿಂದ ದಪ್ಪಗೆ ಬಂದ ಕೆನಾಲಿನ ಕಪ್ಪು ಗೆರೆ ಬೇರಿನ ನಡುವೆ ದಿಢೀರನೆ ಮಸುಕಾಯ್ತಾ? ಹೆಚ್ಚಾಗಿ ಅಲ್ಲೇ ಅದು ಕವಲೊಡೆದಿರುತ್ತೆ.